ಹೋಗದೆ ಉಳಿದ ಮನೆಗಳು

(ಹಾಸನದಲ್ಲಿ ಆಶಾ ಕಾರ್ಯಕರ್ತೆಯರು, ಶಿಕ್ಷಕರು ಮತ್ತು ಕಾಲೇಜು ವಿದ್ಯಾರ್ಥಿಗಳು ಸೇರಿದ್ದ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ. ಯಾರ ಗುರುತೂ ಸಿಗಬಾರದೆಂದು ಕೆಲವು ವಿವರಗಳನ್ನು ಬದಲಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಕೊರೊನಾ ಕಾಲದ ಬಗ್ಗೆ ಮಾತಾಡುತ್ತೇನೆ ಅಂದಾಗ ಸಂಘಟಕರಲ್ಲೇ ಒಬ್ಬರು ಕೇಳಿದರು: 'ಮತ್ತೆ ಯಾಕೆ ಮೇಡಂ ಆ ಕಥೆ? ಮುಗಿದು ಹೋಯ್ತಲ್ಲ.' ಕಾಯಿಲೆಯ ಲೆಕ್ಕದಲ್ಲಿ ಅವರ ಮಾತು ಸರಿ. 2023ರ ಮೇ 5ರಂದು ವಿಶ್ವ ಆರೋಗ್ಯ ಸಂಸ್ಥೆಯೇ ಕೋವಿಡ್‌ನ ಜಾಗತಿಕ ತುರ್ತು ಸ್ಥಿತಿ ಮುಗಿಯಿತು ಎಂದು ಹೇಳಿತು. ಆದರೆ ನಾನು ಆಪ್ತಸಮಾಲೋಚಕಿ. ಜನ ನನ್ನ ಹತ್ತಿರ ಬರುವುದು ನಿದ್ದೆ ಬರಲ್ಲ ಅಂತ, ಎದೆ ಡವಡವ ಅನ್ನುತ್ತೆ ಅಂತ, ಮಗ ಯಾರ ಜೊತೆಗೂ ಸೇರಲ್ಲ ಅಂತ. ಸ್ವಲ್ಪ ಹೊತ್ತು ಮಾತಾಡಿದ ಮೇಲೆ 'ಯಾವಾಗಿಂದ ಹೀಗೆ?' ಅಂತ ಕೇಳುತ್ತೇನೆ. ಎಷ್ಟೋ ಜನ ಒಂದೇ ಉತ್ತರ ಕೊಡುತ್ತಾರೆ. 'ಲಾಕ್‌ಡೌನ್ ಆಯ್ತಲ್ಲ ಮೇಡಂ, ಆವಾಗಿಂದ.'

ಹಾಗಾಗಿ ಇವತ್ತು ವೈರಸ್ ಬಗ್ಗೆ, ಲಸಿಕೆ ಬಗ್ಗೆ ನಾನು ಮಾತಾಡುವುದಿಲ್ಲ. ನಿರ್ಬಂಧಗಳು ಬೇಡವಾಗಿದ್ದವು ಅಂತಲೂ ಹೇಳುವುದಿಲ್ಲ. ಬೆಡ್‌ಗೆ, ಆಕ್ಸಿಜನ್‌ಗೆ ಜನ ಪರದಾಡಿದ್ದನ್ನು ಕಂಡವರು ಯಾರೂ ಹಾಗೆ ಹೇಳಲಾರರು. ಜೀವ ಉಳಿಸಿಕೊಳ್ಳಲು ನಾವೆಲ್ಲ ಒಂದು ಬೆಲೆ ತೆತ್ತೆವು. ಅದು ಎಷ್ಟು ಅಂತ ಯಾರೂ ಕೂತು ನೋಡಲಿಲ್ಲ. ಕೆಲವು ಮನೆಗಳು ಇನ್ನೂ ತೆರುತ್ತಲೇ ಇವೆ. ಆ ಮನೆಗಳ ಬಗ್ಗೆ ಮಾತಾಡೋಣ.

2020ರ ಮಾರ್ಚ್ 24ರ ರಾತ್ರಿ 8 ಗಂಟೆಗೆ ಪ್ರಧಾನಿ ಟಿವಿಯಲ್ಲಿ ಬಂದರು. 21 ದಿನ ಅಂದರು. ಜನ ಕ್ಯಾಲೆಂಡರ್ ನೋಡಿಕೊಂಡರು, ಏಪ್ರಿಲ್ 14ಕ್ಕೆ ಮುಗಿಯುತ್ತೆ ಅಂತ ಗಟ್ಟಿ ಮನಸ್ಸು ಮಾಡಿಕೊಂಡರು. ಆ ದಿನ ಬಂದಾಗ ಮೇ 3 ಅಂತಾಯಿತು. ಆಮೇಲೆ ಮೇ 17. ಆಮೇಲೆ ಮೇ 31. ಮುಂದಿನ ವರ್ಷವೂ ಇದೇ ಪಾಡು. 2021ರ ಏಪ್ರಿಲ್ 27ರಿಂದ 14 ದಿನ ಅಂತ ಶುರುವಾಗಿ ಮೇ 24, ಜೂನ್ 7, ಜೂನ್ 14 ಅಂತ ಮುಂದಕ್ಕೆ ಹೋಯಿತು. ಜೂನ್ 14ಕ್ಕೆ ರಾಜ್ಯದ ಬೇರೆ ಕಡೆ ಸಡಿಲ ಮಾಡಿದಾಗಲೂ 11 ಜಿಲ್ಲೆಗಳಲ್ಲಿ ಬಿಗಿ ಹಾಗೇ ಉಳಿಯಿತು. ಹಾಸನ, ಚಿಕ್ಕಮಗಳೂರು ಎರಡೂ ಆ ಪಟ್ಟಿಯಲ್ಲಿದ್ದವು, ನೆನಪಿದೆಯಲ್ವಾ?

ಇದನ್ನು ಯಾಕೆ ಹೇಳಿದೆ ಅಂದರೆ, ಕಷ್ಟ ಎಷ್ಟೇ ಇರಲಿ, ಮುಗಿಯುವ ದಿನ ಗೊತ್ತಿದ್ದರೆ ಮನುಷ್ಯ ಹಲ್ಲು ಕಚ್ಚಿ ತಡೆದುಕೊಳ್ಳುತ್ತಾನೆ. ಮುಗಿಯುವ ದಿನವೇ ದೂರ ಸರಿಯುತ್ತಾ ಹೋದರೆ ತಡೆದುಕೊಳ್ಳುವುದು ಹೇಗೆ? ಭಯ ಬಂದಾಗ ದೇಹ ಓಡಲು, ಎದುರಿಸಲು ಸಿದ್ಧವಾಗುತ್ತದೆ. ಎದೆಬಡಿತ ಏರುತ್ತದೆ, ಮೈ ಬಿಗಿಯುತ್ತದೆ, ನಿದ್ದೆ ಹಾರಿಹೋಗುತ್ತದೆ. ಹಾವು ಕಂಡರೆ ಐದು ನಿಮಿಷಕ್ಕೆ ಅದೆಲ್ಲ ಇಳಿಯುತ್ತದೆ. ಇಲ್ಲಿ ತಿಂಗಳುಗಟ್ಟಲೆ ಇಳಿಯಲೇ ಇಲ್ಲ. ನೀರಿಲ್ಲದ ಬೋರ್‌ವೆಲ್‌ಗೆ ಮೋಟರ್ ಆನ್ ಮಾಡಿ ಮರೆತುಬಿಟ್ಟ ಹಾಗೆ. ಕೊರೊನಾ ಬಂದ ಮೊದಲ ವರ್ಷದಲ್ಲಿ ಆತಂಕ ಮತ್ತು ಖಿನ್ನತೆ ಜಗತ್ತಿನಲ್ಲಿ ಶೇ 25ರಷ್ಟು ಹೆಚ್ಚಾಯಿತು ಎಂದು ವಿಶ್ವ ಆರೋಗ್ಯ ಸಂಸ್ಥೆ 2022ರ ಮಾರ್ಚ್‌ನಲ್ಲಿ ಹೇಳಿತು. ಹೆಂಗಸರಿಗೆ, ಹರೆಯದವರಿಗೆ ಪೆಟ್ಟು ಜಾಸ್ತಿ ಬಿದ್ದಿದೆ ಅಂತಲೂ ಹೇಳಿತು.

ಆಗ ನಾನು ಕ್ವಾರಂಟೈನ್‌ನಲ್ಲಿದ್ದವರಿಗೆ, ಮನೆಯಲ್ಲೇ ಐಸೋಲೇಷನ್ ಆಗಿದ್ದವರಿಗೆ ಫೋನ್ ಮಾಡಿ ಮಾತಾಡಿಸುವ ಕೆಲಸದಲ್ಲಿದ್ದೆ. ಮೊದಲ ದಿನ ಎಲ್ಲರೂ ಕಾಯಿಲೆ ಬಗ್ಗೆಯೇ ಕೇಳುತ್ತಿದ್ದರು. ಮಾತ್ರೆ ಯಾವಾಗ ತಗೋಬೇಕು, ಆಕ್ಸಿಜನ್ ಲೆವೆಲ್ ಎಷ್ಟಿದ್ದರೆ ಸರಿ, ಇಂಥದ್ದು. ಎರಡು ಮೂರು ದಿನ ಕಳೆದ ಮೇಲೆ ಬೇರೆ ಮಾತು ಶುರುವಾಗುತ್ತಿತ್ತು. ಪಕ್ಕದ ಮನೆಯವರು ಕಿಟಕಿ ಹಾಕಿಕೊಂಡರು. ಹಾಲಿನವನು ಬರುತ್ತಿಲ್ಲ. ಅಣ್ಣ ಫೋನ್ ಎತ್ತುತ್ತಿಲ್ಲ.

ಚನ್ನರಾಯಪಟ್ಟಣ ಕಡೆಯ ಎಷ್ಟೋ ಕುಟುಂಬಗಳು ದುಡಿಮೆಗೆ ಮುಂಬೈಗೆ ಹೋಗಿದ್ದು ನಿಮಗೆ ಗೊತ್ತು. 2020ರ ಮೇ ಎರಡನೇ ವಾರದವರೆಗೆ ನಮ್ಮ ಜಿಲ್ಲೆಯಲ್ಲಿ ಒಂದೂ ಕೇಸ್ ಇರಲಿಲ್ಲ. ಹಸಿರು ವಲಯ ಅಂತ ನಾವು ನೆಮ್ಮದಿಯಾಗಿದ್ದೆವು. ಮೊದಲ ಕೇಸ್‌ಗಳು ಕಂಡಿದ್ದು ಮುಂಬೈಯಿಂದ ಊರಿಗೆ ವಾಪಸಾದವರಲ್ಲಿ. ಅಲ್ಲಿಗೆ 'ಬಾಂಬೆಯವರು' ಅಂದರೆ ಕಾಯಿಲೆ ಅನ್ನುವ ಹಾಗಾಯಿತು. ಹೊರಗಿನವರು ಬರಬಾರದು ಅಂತ ಎಷ್ಟೋ ಊರುಗಳ ದಾರಿಗೆ ಮುಳ್ಳು ಹಾಕಿದ್ದರು. ತಮ್ಮೂರಿನ ಮಕ್ಕಳೇ ಬಂದು ಆ ಮುಳ್ಳಿನ ಆಚೆ ನಿಂತರು.

ಅಂಥ ಒಬ್ಬ ಹುಡುಗನನ್ನು ಅವನು ಓದಿದ್ದ ಸರ್ಕಾರಿ ಶಾಲೆಯಲ್ಲೇ ಕ್ವಾರಂಟೈನ್ ಮಾಡಿದ್ದರು. ಅವನ ತಾಯಿ ದಿನಾ ಮಧ್ಯಾಹ್ನ ಡಬ್ಬಿಯಲ್ಲಿ ಮುದ್ದೆ, ಸೊಪ್ಪಿನ ಸಾರು ತರುತ್ತಿದ್ದರು. ಕಾಂಪೌಂಡ್ ಗೋಡೆಯ ಮೇಲೆ ಇಟ್ಟು ಹಿಂದಕ್ಕೆ ಹೋಗಿ ನಿಲ್ಲಬೇಕು. ಆಮೇಲೆ ಇವನು ಬಂದು ಎತ್ತಿಕೊಳ್ಳಬೇಕು. ಇವನು ತಿನ್ನುವವರೆಗೂ ಆಕೆ ಅಲ್ಲೇ ಬಿಸಿಲಲ್ಲಿ ನಿಂತಿರುತ್ತಿದ್ದರು. ಅಲ್ಲಿಂದಲೇ ಕೂಗಿ ಕೇಳುತ್ತಿದ್ದರು: 'ಉಪ್ಪು ಸರಿಗೈತೇನ್ಲಾ?' ಅವನು ನನಗೆ ಹೇಳಿದ್ದು ಇದು. 'ಮೇಡಂ, ಎಲ್ಲಾ ತಡ್ಕೊಂಡೆ. ನಮ್ಮವ್ವ ಡಬ್ಬಿ ಇಟ್ಬಿಟ್ಟು ಹಿಂದಿಂದಕ್ಕೇ ಹೆಜ್ಜೆ ಹಾಕ್ಕೊಂಡು ಹೋಗಳಲ್ಲ, ಅದೊಂದು ತಡಿಯಕ್ಕಾಗ್ಲಿಲ್ಲ.'

ಅವನ ರಿಪೋರ್ಟ್ ನೆಗೆಟಿವ್ ಬಂತು. ಮನೆಗೆ ಹೋದ. ಊರಿನ ಹೋಟೆಲಿನಲ್ಲಿ ಎಲ್ಲರಿಗೂ ಗಾಜಿನ ಲೋಟದಲ್ಲಿ ಟೀ, ಇವನಿಗೆ ಮಾತ್ರ ಪೇಪರ್ ಲೋಟದಲ್ಲಿ. ಯಾರೂ ಏನೂ ಅನ್ನಲಿಲ್ಲ, ಸುಮ್ನೆ ಬೇರೆ ಲೋಟ ಇಟ್ಟರು. ಬೇರೆ ಲೋಟ ನಮ್ಮ ಊರುಗಳಿಗೆ ಹೊಸದಲ್ಲ. ತಲೆತಲಾಂತರದಿಂದ ಅದನ್ನು ಉಂಡವರು ಈ ಸಭೆಯಲ್ಲೂ ಇರಬಹುದು, ಅವರಿಗೆ ಅದರ ಉರಿ ಏನು ಅಂತ ನಾನು ಹೇಳಿಕೊಡಬೇಕಾಗಿಲ್ಲ. ಈ ಹುಡುಗನಿಗೆ ಅದು ಮೊದಲ ಸಲ. ಅವನು ಆಮೇಲೆ ಆ ಹೋಟೆಲಿಗೆ ಹೋಗಲೇ ಇಲ್ಲ. ಮುಂಬೈಗೆ ವಾಪಸ್ ಹೋದ ಮೇಲೆ ಹಬ್ಬಕ್ಕೆ ಊರಿಗೆ ಬರುವುದನ್ನೂ ಬಿಟ್ಟ.

ಆಚೆ ಸಕಲೇಶಪುರ, ಮೂಡಿಗೆರೆ ಕಡೆ ಕಾಫಿ ತೋಟದ ಲೈನ್ ಮನೆಗಳಲ್ಲಿ ಇನ್ನೊಂದು ಕಷ್ಟ. ಪಾಸಿಟಿವ್ ಬಂದವರು ಬೇರೆ ರೂಮಿನಲ್ಲಿ ಇರಬೇಕು, ಬೇರೆ ಶೌಚಾಲಯ ಬಳಸಬೇಕು ಅನ್ನುವುದು ನಿಯಮ. ಇರುವುದೇ ಒಂದು ರೂಮು, ಒಂದು ಅಡುಗೆಮನೆ. ಕಣದ ಪಕ್ಕದ ಶೆಡ್ಡಿನಲ್ಲಿ ಗೋಣಿಚೀಲ ಹಾಸಿಕೊಂಡು ಮಲಗಿದ್ದ ಒಬ್ಬರ ಜೊತೆ ನಾನು ದಿನಾ ಮಾತಾಡುತ್ತಿದ್ದೆ. ಜ್ವರಕ್ಕಿಂತ ಅವರನ್ನು ಕಾಡುತ್ತಿದ್ದದ್ದು ಒಂದೇ ಯೋಚನೆ: ನನ್ನಿಂದ ಮಗುವಿಗೆ ಬಂದರೆ? ತಾನೇ ಮನೆಯವರಿಗೆ ಅಪಾಯ ಅಂತ ನಂಬಿಕೊಂಡು ಬದುಕುವುದು ಎಂಥ ಹಿಂಸೆ ಯೋಚನೆ ಮಾಡಿ. ಕೆಲವರಿಗೆ ಈಗಲೂ ಸಣ್ಣ ಕೆಮ್ಮು ಬಂದರೆ ಮೊಮ್ಮಗನನ್ನು ಎತ್ತಿಕೊಳ್ಳಲು ಧೈರ್ಯ ಬರುವುದಿಲ್ಲ.

ಇನ್ನು ಸಾವಿನ ವಿಷಯ. ಇದನ್ನು ನಿಧಾನವಾಗಿ ಹೇಳಬೇಕು.

ನಮ್ಮ ಕಡೆ ಒಂದು ಸಾವಾದರೆ ಏನಾಗುತ್ತದೆ? ಸುದ್ದಿ ತಿಳಿಯುವ ಹೊತ್ತಿಗೆ ಜಗಲಿ ತುಂಬ ಜನ. ಯಾರೋ ಬಿದಿರು ತರಲು ಹೋಗಿರುತ್ತಾರೆ, ಯಾರೋ ಹೂವಿಗೆ, ಯಾರೋ ದೂರದ ನೆಂಟರಿಗೆ ಫೋನ್ ಮಾಡುತ್ತಿರುತ್ತಾರೆ. ಸಾವಿನ ಮನೆಯಲ್ಲಿ ಒಲೆ ಹಚ್ಚುವುದಿಲ್ಲ, ಪಕ್ಕದ ಮನೆಯಿಂದ ಊಟ ಬರುತ್ತದೆ. ಮೂರನೇ ದಿನ ಹಾಲು ತುಪ್ಪ, ಹನ್ನೊಂದನೇ ದಿನ ತಿಥಿ. ಒಂದೊಂದು ಜಾತಿಯಲ್ಲಿ ಒಂದೊಂದು ಪದ್ಧತಿ ಇರಬಹುದು, ಆದರೆ ಜನ ಸೇರುವುದು ಎಲ್ಲರಲ್ಲೂ ಒಂದೇ. ಮಣ್ಣಿಗೆ ಬರಲು ಆಗದವರು ತಿಂಗಳಾದ ಮೇಲಾದರೂ ಬಂದು ಮಾತಾಡಿಸಿಕೊಂಡು ಹೋಗುತ್ತಾರೆ. ಬಂದವರೆಲ್ಲ ಅದೇ ಪ್ರಶ್ನೆ ಕೇಳುತ್ತಾರೆ: 'ಹೆಂಗಾಯ್ತು?' ಆ ಮನೆಯ ಹೆಂಗಸು ಮೊದಲಿಂದ ಹೇಳುತ್ತಾಳೆ. ಬೆಳಿಗ್ಗೆ ಕಾಫಿ ಕುಡಿದಿದ್ದರು, ಎದೆ ನೋವು ಅಂದರು, ನೀರು ಕೇಳಿದರು. ಇನ್ನೊಬ್ಬರು ಬರುತ್ತಾರೆ, ಮತ್ತೆ ಮೊದಲಿಂದ. ಹತ್ತು ಸಲ, ಇಪ್ಪತ್ತು ಸಲ ಹೇಳುತ್ತಾಳೆ. ಪ್ರತಿ ಸಲವೂ ಅಳುತ್ತಾಳೆ. ಹೇಳ್ತಾ ಹೇಳ್ತಾ ಆಗಿದ್ದು ಆಗಿಹೋಗಿದೆ ಅಂತ ಅವಳ ಮನಸ್ಸು ಒಪ್ಪಿಕೊಳ್ಳಲು ಶುರುಮಾಡುತ್ತದೆ.

ನಾವು ಆಪ್ತಸಮಾಲೋಚಕರು ಓದಿ, ತರಬೇತಿ ಪಡೆದು ಮಾಡುವುದೂ ಬಹುಪಾಲು ಇದನ್ನೇ. ಪದೇ ಪದೇ ಹೇಳಲು ಬಿಡುವುದು, ಅಳಲು ಬಿಡುವುದು, ಎದ್ದು ಹೋಗದೆ ಕೂತಿರುವುದು. ನಮ್ಮ ಊರುಗಳಲ್ಲಿ ಅದು ಫೀಸಿಲ್ಲದೆ ಯಾವತ್ತಿಂದಲೂ ನಡೆದುಕೊಂಡು ಬಂದಿದೆ.

ಆ ಎರಡು ವರ್ಷ ನಿಂತುಹೋಗಿದ್ದು ಅದೇ. 2020ರಲ್ಲಿ ಮದುವೆಗೆ 50 ಜನ, ಅಂತ್ಯಕ್ರಿಯೆಗೆ 20 ಜನ ಅಂತ ಮಿತಿ ಹಾಕಿದರು. ಎರಡನೇ ಅಲೆಯಲ್ಲಿ ನಮ್ಮ ರಾಜ್ಯದಲ್ಲಿ ಅಂತ್ಯಕ್ರಿಯೆಗೆ 5 ಜನ ಅಂತಾಯಿತು. ಮದುವೆಯನ್ನು ಮುಂದಕ್ಕೆ ಹಾಕಬಹುದು, ಸಣ್ಣದಾಗಿ ಮಾಡಿ ಖರ್ಚು ಉಳಿಯಿತು ಅಂದುಕೊಳ್ಳಬಹುದು. ಸಾವನ್ನು ಮುಂದಕ್ಕೆ ಹಾಕಲು ಆಗುತ್ತಾ?

ಆಲೂರು ಕಡೆಯ ಒಬ್ಬ ಅಕ್ಕ. 2021ರ ಮೇ ತಿಂಗಳಲ್ಲಿ ಗಂಡ ಆಸ್ಪತ್ರೆಯಲ್ಲಿ ತೀರಿಕೊಂಡರು. ಆಕೆಗೂ ಪಾಸಿಟಿವ್, ಮನೆಯಿಂದ ಹೊರಗೆ ಬರುವಂತಿಲ್ಲ. ಮೈದುನ ಫೋನ್ ಹಿಡಿದು ವಿಡಿಯೊ ಕಾಲ್‌ನಲ್ಲಿ ತೋರಿಸಿದರು. ಪ್ಲಾಸ್ಟಿಕ್‌ನಲ್ಲಿ ಸುತ್ತಿದ್ದ ದೇಹ, ಪಿಪಿಇ ಕಿಟ್ ಹಾಕಿದ್ದ ನಾಲ್ಕು ಜನ. ಮುಖ ಕಾಣಲಿಲ್ಲ. ನಡುವೆ ನೆಟ್‌ವರ್ಕ್ ಹೋಯಿತು. ಮತ್ತೆ ಸಿಗುವ ಹೊತ್ತಿಗೆ ಬೆಂಕಿ ಇಟ್ಟಾಗಿತ್ತು. ಪಕ್ಕದ ಮನೆಯವರು ಗೇಟಿನ ಹತ್ತಿರ ತರಕಾರಿ ಚೀಲ ಇಟ್ಟು, ಕೂಗಿ ಹೇಳಿ ಹೋದರು. ಅಷ್ಟೇ. ಗಂಡನ ಸಾವನ್ನು ಮೊದಲಿಂದ ಕೊನೆವರೆಗೆ ಆಕೆ ಯಾರಿಗಾದರೂ ಹೇಳಿದ್ದು ಎರಡು ವರ್ಷ ಆದಮೇಲೆ, ನನ್ನ ಮುಂದೆ. ತಲೆನೋವು ಅಂತ ಬಂದಿದ್ದರು. ಸ್ಕ್ಯಾನಿಂಗ್‌ನಲ್ಲಿ ಏನೂ ಇಲ್ಲ ಅಂತ ಡಾಕ್ಟರ್ ನನ್ನ ಹತ್ತಿರ ಕಳಿಸಿದ್ದರು.

ಅವತ್ತು ಆಕೆ ಒಂದು ಮಾತು ಹೇಳಿದರು. 'ಯಾರೂ ಬರಕ್ಕಾಗಲ್ಲ ಅಂತ ನಂಗೂ ಗೊತ್ತಿತ್ತು ಮೇಡಂ. ರೂಲ್ಸು. ಆದ್ರೆ ರೂಲ್ಸ್ ತೆಗೆದ್ ಮೇಲೂ ಯಾರೂ ಬರ್ಲಿಲ್ಲ.'

ಇವತ್ತು ನಾನು ನಿಮ್ಮ ಮುಂದೆ ನಿಂತಿರುವುದೇ ಈ ಮಾತಿಗಾಗಿ. ನಿರ್ಬಂಧ ಇದ್ದಾಗ ಹೋಗಲು ಆಗಲಿಲ್ಲ, ಸರಿ. ತೆಗೆದ ಮೇಲೆ ನಾವು ಯಾಕೆ ಹೋಗಲಿಲ್ಲ? ಬಸ್ ಓಡಿದವು, ಜಾತ್ರೆಗಳು ನಡೆದವು. 2020ರಲ್ಲಿ ಸಾರ್ವಜನಿಕರಿಗೆ ದರ್ಶನವೇ ಇರದಿದ್ದ ಹಾಸನಾಂಬೆಯ ಬಾಗಿಲಲ್ಲಿ ಮತ್ತೆ ಕಿಲೋಮೀಟರ್‌ಗಟ್ಟಲೆ ಸಾಲು ನಿಂತಿತು. ಆ ಮನೆಗಳಿಗೆ ಮಾತ್ರ ಯಾರೂ ಹೋಗಲಿಲ್ಲ. ಕೆಟ್ಟ ಮನಸ್ಸಿನಿಂದ ಅಲ್ಲ. ಈ ಕಡೆಯವರನ್ನೂ ನಾನು ಮಾತಾಡಿಸಿದ್ದೇನೆ. 'ಆಗಲೇ ವರ್ಷ ಆಯ್ತು, ಈಗ ಯಾವ ಮುಖ ಇಟ್ಕೊಂಡು ಹೋಗೋದು' ಅನ್ನುತ್ತಾರೆ. 'ಮರೆತಿರೋದನ್ನ ನೆನಪು ಮಾಡ್ದಂಗೆ ಆಗುತ್ತೆ' ಅನ್ನುತ್ತಾರೆ. ಸ್ನೇಹಿತನ ಮನೆ ಮುಂದೆ ಹಾದುಹೋಗಬಾರದು ಅಂತ ಬೈಕನ್ನು ಕೆರೆ ಏರಿ ಮೇಲೆ ತಿರುಗಿಸಿಕೊಂಡು ಹೋಗುವವರಿದ್ದಾರೆ. ಅವರ ಸಂಕಟವೂ ಸಣ್ಣದಲ್ಲ. ಆದರೆ ಮನೆಯೊಳಗೆ ಇರುವವರಿಗೆ ಅದು ಹೇಗೆ ಗೊತ್ತಾಗಬೇಕು? ಅವರಿಗೆ ಕಾಣುವುದು ಬೈಕ್ ಬರಲಿಲ್ಲ ಅನ್ನುವುದು ಮಾತ್ರ.

ದೇಹವನ್ನು ಕಣ್ಣಾರೆ ನೋಡದಿದ್ದರೆ ಸಾವನ್ನು ನಂಬುವುದು ಕಷ್ಟ. 'ಪ್ಲಾಸ್ಟಿಕ್‌ನಲ್ಲಿ ಇದ್ದಿದ್ದು ಬೇರೆ ಯಾರೋ ಇರಬಹುದಾ ಮೇಡಂ?' ಅಂತ ನನ್ನನ್ನು ಕೇಳಿದವರಿದ್ದಾರೆ. ಅವರಿಗೆ ತಲೆ ಕೆಟ್ಟಿಲ್ಲ. ಮುಖ ನೋಡದ ಯಾರ ಮನಸ್ಸಿಗೂ ಬರಬಹುದಾದ ಪ್ರಶ್ನೆ ಅದು. 2021ರ ಜೂನ್‌ನಲ್ಲಿ ಬೆಂಗಳೂರಿನ ಚಿತಾಗಾರಗಳಲ್ಲಿ ಯಾರೂ ಬಂದು ತೆಗೆದುಕೊಂಡು ಹೋಗದೆ ಉಳಿದ ನೂರಾರು ಜನರ ಅಸ್ಥಿಯನ್ನು ಸರ್ಕಾರವೇ ಮಂಡ್ಯ ಜಿಲ್ಲೆಯ ಬೆಳಕವಾಡಿ ಹತ್ತಿರ ಕಾವೇರಿಗೆ ಬಿಟ್ಟಿತು. ಶಾಸ್ತ್ರ ಪ್ರಕಾರವೇ ಮಾಡಿದರು, ಅದು ಒಳ್ಳೆಯ ಕೆಲಸ. ಆ ಮಡಿಕೆಗಳಲ್ಲಿ ಒಂದೊಂದಕ್ಕೂ ಒಂದು ಮನೆ ಇತ್ತು. ಆ ಮನೆಯವರು ಭಯದಿಂದಲೋ, ತಾವೇ ಆಸ್ಪತ್ರೆಯಲ್ಲಿದ್ದೋ, ದುಡ್ಡಿಲ್ಲದೆಯೋ ಬರಲಾಗಲಿಲ್ಲ. ಅವರು ಅದನ್ನು ಹೇಗೆ ಹೊತ್ತುಕೊಂಡು ಬದುಕುತ್ತಿದ್ದಾರೆ ಅಂತ ನನಗೆ ಆಗಾಗ ಅನ್ನಿಸುತ್ತದೆ.

ದುಃಖ ಕಾಯಿಲೆಯಲ್ಲ. ಆದರೆ ಅದು ಇಳಿಯದೆ ಹಾಗೇ ನಿಂತುಬಿಟ್ಟರೆ ಕಾಯಿಲೆಯಾಗಬಹುದು. 2022ರ ಜನವರಿಯಲ್ಲಿ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆಗಳ ಪಟ್ಟಿಯಲ್ಲಿ ಇಂಥ ದೀರ್ಘಕಾಲದ ಶೋಕವನ್ನೂ ಸೇರಿಸಿದ್ದಾರೆ. ಆರು ತಿಂಗಳು ದಾಟಿದರೂ ಹಂಬಲ ಒಂದಿಷ್ಟೂ ತಗ್ಗದೆ, ದಿನದ ಕೆಲಸವೇ ನಡೆಯದ ಹಾಗಿದ್ದರೆ, ಆಯಾ ಕಡೆಯ ರೂಢಿಯನ್ನೂ ನೋಡಿಕೊಂಡು, ಅದಕ್ಕೆ ಚಿಕಿತ್ಸೆ ಬೇಕು ಎನ್ನುತ್ತಾರೆ.

ನಮ್ಮ ಹಿರಿಯರು ಪ್ಲೇಗ್ ಕಂಡಿದ್ದರು. 1898ರಲ್ಲಿ ಬೆಂಗಳೂರಿಗೆ ಬಂದ ಪ್ಲೇಗು ಆಮೇಲೆ ವರ್ಷಗಟ್ಟಲೆ ಹಳೇ ಮೈಸೂರಿನ ಊರುಗಳನ್ನು ಕಾಡಿತು. ಆಗ ಜನ ಊರು ಖಾಲಿ ಮಾಡಿ ಹೊಲದಲ್ಲಿ ಗುಡಿಸಲು ಹಾಕಿಕೊಳ್ಳುತ್ತಿದ್ದರು. ಹಳೆಯ ಅಜ್ಜಿಯರು ಆ ಕಥೆ ಹೇಳುವುದನ್ನು ನಾನು ಕೇಳಿದ್ದೇನೆ. ಸಾವು ಆಗ ಇನ್ನೂ ಜಾಸ್ತಿ, ಔಷಧಿ ಇಲ್ಲ. ಆದರೂ ಆ ಕಥೆಯಲ್ಲಿ ಯಾವಾಗಲೂ 'ನಾವು' ಇರುತ್ತದೆ. ನಾವು ಗುಡ್ಲು ಹಾಕ್ಕೊಂಡ್ವಿ, ನಾವು ಮಾರಮ್ಮನಿಗೆ ಹರಕೆ ಕಟ್ಕೊಂಡ್ವಿ. ಕೊರೊನಾದಲ್ಲಿ ಊರಿಗೆ ಊರೇ ಊರಲ್ಲೇ ಇತ್ತು. ಆದರೆ ಒಬ್ಬೊಬ್ಬರೂ ಒಬ್ಬೊಬ್ಬರೇ ಇದ್ದರು.

ಮಕ್ಕಳ ಬಗ್ಗೆ ಶಿಕ್ಷಕರಿಗೆ ನನಗಿಂತ ಚೆನ್ನಾಗಿ ಗೊತ್ತು. ನಮ್ಮಲ್ಲಿ 1ರಿಂದ 5ನೇ ತರಗತಿ ಮತ್ತೆ ತೆರೆದಿದ್ದು 2021ರ ಅಕ್ಟೋಬರ್ 25ಕ್ಕೆ. 2020ರಲ್ಲಿ ಒಂದನೇ ಕ್ಲಾಸಿಗೆ ಹೆಸರು ಬರೆಸಿದ ಮಗು ಬೆಂಚಿನ ಮೇಲೆ ಮೊದಲು ಕೂತಿದ್ದು ಎರಡನೇ ಕ್ಲಾಸಿನಲ್ಲಿ, ಅದೂ ಅರ್ಧ ವರ್ಷ ಕಳೆದ ಮೇಲೆ. ಅಕ್ಷರ ಕಲಿಯಲು ತಡವಾಯಿತು ಅಂತ ಎಲ್ಲರೂ ಮಾತಾಡಿದರು. ಜಗಳ ಆಡಿ ರಾಜಿಯಾಗುವುದು, ಪೆನ್ಸಿಲ್ ಹಂಚಿಕೊಳ್ಳುವುದು, ಬಿದ್ದವನನ್ನು ಎಬ್ಬಿಸುವುದು, ಇದನ್ನೆಲ್ಲ ಮಕ್ಕಳು ಕಲಿಯುವುದೂ ಆ ವಯಸ್ಸಿನಲ್ಲೇ. ಮಲೆನಾಡಿನಲ್ಲಿ ಸಿಗ್ನಲ್ ಹುಡುಕಿಕೊಂಡು ಮಳೆಯಲ್ಲಿ ಗುಡ್ಡ ಹತ್ತಿದ ಮಕ್ಕಳನ್ನು ಪೇಪರಿನವರು ಹೊಗಳಿ ಬರೆದರು. ಅಪ್ಪ ಕೂಲಿಗೆ ಹೋಗುವಾಗ ಜೇಬಲ್ಲಿ ಹಾಕಿಕೊಂಡು ಹೋಗುವ ಒಂದೇ ಒಂದು ಫೋನಿಗೆ ಕಾದು ಸುಮ್ಮನಾದ ಮಕ್ಕಳು ಅದಕ್ಕಿಂತ ಜಾಸ್ತಿ. ಈಗ ಹೈಸ್ಕೂಲು, ಕಾಲೇಜಿನಲ್ಲಿ ಹಿಂದಿನ ಬೆಂಚಲ್ಲಿ ತಲೆ ತಗ್ಗಿಸಿ ಕೂತಿರುವವರನ್ನು 'ಸೋಮಾರಿ' ಅನ್ನುವ ಮೊದಲು ಒಂದು ಸಲ ಲೆಕ್ಕ ಹಾಕಿ ನೋಡಿ. ಆ ಎರಡು ವರ್ಷ ಅವರು ಯಾವ ಕ್ಲಾಸಲ್ಲಿದ್ದರು?

ಕುಡಿತದ ಬಗ್ಗೆ ಒಂದೆರಡು ಮಾತು. 2020ರಲ್ಲಿ ಲಾಕ್‌ಡೌನ್ ಶುರುವಾದಾಗಿನಿಂದ ಮೇ 4ರವರೆಗೆ ಮದ್ಯದ ಅಂಗಡಿ ಮುಚ್ಚಿದ್ದವು. ದಿನಾ ಕುಡಿಯುತ್ತಿದ್ದವರಿಗೆ ಒಮ್ಮೆಲೇ ನಿಂತಾಗ ಕೈನಡುಕ ಬಂತು, ಕೆಲವರಿಗೆ ಇಲ್ಲದ್ದೆಲ್ಲ ಕಂಡಿತು. ಅದಕ್ಕೆ ಡಾಕ್ಟರೇ ಬೇಕು, ಬುದ್ಧಿಮಾತು ಸಾಲದು. ಇನ್ನು ಕೆಲವು ಹೆಂಗಸರು ಮದುವೆಯಾದ ಮೇಲೆ ಅಷ್ಟು ನೆಮ್ಮದಿಯ ದಿನ ಕಂಡೇ ಇರಲಿಲ್ಲ ಅಂದರು. ಅಂಗಡಿ ತೆರೆದ ದಿನ ಅವರ ಮನೆಯಲ್ಲಿ ಏನಾಯಿತು ಅಂತ ನೀವೇ ಊಹಿಸಿ.

ಈಗ ಮುಂದಿನ ಸಾಲಲ್ಲಿ ಕೂತಿರುವ ಆಶಾ ಅಕ್ಕಂದಿರಿಗೆ ಹೇಳಬೇಕು. ಮನೆಮನೆಗೆ ಹೋಗಿ ಜ್ವರ ಇದೆಯಾ ಅಂತ ಕೇಳಿದವರು ನೀವು. ಬಾಗಿಲಿಗೆ ನೋಟಿಸ್ ಅಂಟಿಸಿ ಬೈಸಿಕೊಂಡವರೂ ನೀವೇ. ಮನೆಗೆ ಬಂದು ಹಿತ್ತಲಲ್ಲಿ ಸ್ನಾನ ಮಾಡಿ, ಮಗು ಓಡಿ ಬಂದರೆ 'ಹತ್ರ ಬರ್ಬೇಡ' ಅಂತ ಗದರಿಸಿದಿರಿ. 2020ರ ಜುಲೈನಲ್ಲಿ ತಿಂಗಳಿಗೆ 12,000 ರೂಪಾಯಿ ಗೌರವಧನ ಬೇಕು ಅಂತ ರಾಜ್ಯದ ಆಶಾ ಕಾರ್ಯಕರ್ತೆಯರು ಮುಷ್ಕರ ಮಾಡಬೇಕಾಯಿತು. ಹೂವು ಹಾಕಿದರು, ಚಪ್ಪಾಳೆ ತಟ್ಟಿದರು. 'ನಿಮಗೆ ಭಯ ಆಗ್ಲಿಲ್ವಾ?' ಅಂತ ಯಾರಾದರೂ ಕೇಳಿದರಾ? ಇಲ್ಲ ಅಂತ ತಲೆ ಆಡಿಸುತ್ತಿದ್ದೀರಿ. ಇವತ್ತು ಸಭೆ ಮುಗಿದ ಮೇಲೆ ಪಕ್ಕದಲ್ಲಿ ಕೂತಿರುವವರನ್ನು ನೀವು ಕೇಳಿ, ಅವರು ನಿಮ್ಮನ್ನು ಕೇಳಲಿ.

ಮಾತು ಮುಗಿದ ಮೇಲೆ ಪ್ರಶ್ನೆಗಳು ಬಂದವು. ಒಂದನ್ನು ಇಲ್ಲಿ ಬರೆಯಲೇಬೇಕು. ಅರಸೀಕೆರೆ ಕಡೆಯ ಒಬ್ಬ ಆಶಾ ಕಾರ್ಯಕರ್ತೆ ಎದ್ದು ನಿಂತು ಕೇಳಿದರು: 'ನಮ್ಮೂರಲ್ಲೂ ಅಂಥ ಮನೆ ಇದೆ ಮೇಡಂ. ಇಷ್ಟು ವರ್ಷ ಆದ್ಮೇಲೆ ಹೋಗಿ ಏನಂತ ಮಾತಾಡೋದು?'

ನಾನು ಹೇಳಿದ್ದು ಹೀಗೆ. 'ಆಗ ಬರಕ್ಕಾಗ್ಲಿಲ್ಲ, ಅದಕ್ಕೆ ಈಗ ಬಂದೆ' ಅಂತಲೇ ಶುರು ಮಾಡಿ. ಬೇರೆ ನೆಪ ಬೇಡ. ತೀರಿಕೊಂಡವರ ಹೆಸರು ಹೇಳಿ ಮಾತಾಡಿಸಿ, ಹೆಸರು ತಪ್ಪಿಸಬೇಡಿ. ಹೆಂಗಾಯ್ತು ಅಂತ ಕೇಳಿ, ಆಮೇಲೆ ಸುಮ್ಮನೆ ಕೇಳಿಸಿಕೊಳ್ಳಿ. ಅತ್ತರೆ ತಡೆಯಬೇಡಿ. 'ಎಲ್ಲಾ ಮರೆತುಬಿಡಿ', 'ದೇವರಿಗೆ ಒಳ್ಳೆಯವರೇ ಬೇಕು' ಅನ್ನುವ ಮಾತು ಬೇಡ. ಕಾಫಿ ಕೊಟ್ಟರೆ ಕುಡಿದು ಬನ್ನಿ. ಅವರು ಇವತ್ತು ಏನೂ ಹೇಳದಿದ್ದರೆ ಬಲವಂತ ಮಾಡಬೇಡಿ, ಇನ್ನೊಂದು ದಿನ ಹೋಗಿ.

ನಿದ್ದೆ, ಊಟ ಬಿಟ್ಟಿದ್ದರೆ, ಬದುಕಿ ಏನು ಪ್ರಯೋಜನ ಅನ್ನುವ ಮಾತು ಬಂದರೆ ತಡ ಮಾಡಬೇಡಿ. 14416ಕ್ಕೆ ಫೋನ್ ಮಾಡಿ. ಅದು 2022ರ ಅಕ್ಟೋಬರ್‌ನಲ್ಲಿ ಶುರುವಾದ ಟೆಲಿ ಮಾನಸ್, ಮಾನಸಿಕ ಆರೋಗ್ಯಕ್ಕೆ ಅಂತಲೇ ಇರುವ ಸರ್ಕಾರಿ ಸಹಾಯವಾಣಿ. ದುಡ್ಡು ಕೊಡಬೇಕಾಗಿಲ್ಲ, ಹಗಲು ರಾತ್ರಿ ಸಿಗುತ್ತದೆ, ಕನ್ನಡದಲ್ಲೇ ಮಾತಾಡುತ್ತಾರೆ. ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರಿದ್ದಾರೆ. ಮನೋಚೈತನ್ಯ ಕಾರ್ಯಕ್ರಮದಲ್ಲಿ ತಾಲ್ಲೂಕು ಆಸ್ಪತ್ರೆಗಳಲ್ಲೂ ಮಂಗಳವಾರ ಕ್ಲಿನಿಕ್ ನಡೆಸುತ್ತಾರೆ, ಹೊರಡುವ ಮೊದಲು ಒಂದು ಸಲ ವಿಚಾರಿಸಿಕೊಳ್ಳಿ. ಮೊದಲ ಸಲ ಅವರೊಬ್ಬರನ್ನೇ ಕಳಿಸಬೇಡಿ. ಚೀಟಿ ಎಲ್ಲಿ ಮಾಡಿಸಬೇಕು, ಯಾವ ರೂಮಿನ ಮುಂದೆ ಕೂರಬೇಕು ಅಂತ ನಿಮಗೆ ಗೊತ್ತು. ಜೊತೆಯಲ್ಲಿ ನೀವೇ ಹೋಗಿ.